ಹೊಳ್ಳ ಭಾಗವತರ ಬೂದು ಪುಸ್ತಕ

ತಮಿಳರ ಬಂದರು ನಗರದಲ್ಲಿ, ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿಗಳ ಸಂದಿಯಲ್ಲಿ, ಒಂದು ಉಡುಪಿ ಹೋಟೆಲಿದೆ. ಅಲ್ಲಿ ಗಲ್ಲಾದಲ್ಲಿ ಕೂರುವ ವಿಷ್ಣುಮೂರ್ತಿ ಹೊಳ್ಳರನ್ನು ತೋರಿಸಿ ಇವರು ಹಾಡುಗಾರರು ಎಂದು ಯಾರಾದರೂ ಹೇಳಿದರೆ ಕೇಳಿದವರು ನಕ್ಕಾರು. ಹಣೆಯಲ್ಲಿ ಗಂಧ, ಮೂಗಿನ ತುದಿಯಲ್ಲಿ ಸಿಟ್ಟು. ಸಾಂಬಾರನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುವವರ ಮೇಲೆ ಅವರಿಗೆ ತಕರಾರಿಲ್ಲ. ಬಿಲ್ಲು ಕೊಡುವ ಹೊತ್ತಿಗೆ ಫೋನಿನಲ್ಲಿ ಹರಟುತ್ತ ಹಿಂದಿನವರನ್ನು ನಿಲ್ಲಿಸಿಕೊಳ್ಳುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಆಗ ಅವರ ಬಾಯಿಂದ ಬರುವ ತಮಿಳು ರಾಯಪುರಂ ಬಂದರಿನವರ ಒರಟು ತಮಿಳು. ಬ್ರಹ್ಮಾವರದ ಕಡೆಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಬಂದವರು, ಈ ಊರಲ್ಲೇ ಮೀಸೆ ಬೆಳ್ಳಗಾಯಿತು, ಮತ್ತೆ ಇನ್ನು ಯಾವ ತಮಿಳು ಬರಬೇಕು ಹೇಳಿ.

ಆದರೆ ವರ್ಷಕ್ಕೊಂದು ದಿನ ಅವರು ಬೇರೆಯೇ ಮನುಷ್ಯ. ಪೊಂಗಲ್ ಮರುದಿನ ಪ್ಯಾರೀಸ್ ಕಾರ್ನರಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ. ತಿನ್ನುವವರೇ ಇಲ್ಲದ ಮೇಲೆ ಹೋಟೆಲು ತೆರೆದೇನು ಪ್ರಯೋಜನ? ಹಾಗಾಗಿ ಊರ ಕಡೆಯ ಹೋಟೆಲು ಮಂದಿಗೆಲ್ಲ ಒಟ್ಟಿಗೆ ರಜೆ ಸಿಗುವ ದಿನ ಅದೊಂದೇ. ಅಂದು ಕೀಲ್ಪಾಕಿನ ಒಂದು ಸಣ್ಣ ಕಲ್ಯಾಣ ಮಂಟಪದಲ್ಲಿ ಅವರೆಲ್ಲ ಸೇರಿ ತಾಳಮದ್ದಳೆ ಮಾಡುತ್ತಾರೆ. ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳಬೇಕು, ಅರ್ಥಧಾರಿಗಳು ಕುಳಿತಲ್ಲೇ ಅದಕ್ಕೆ ಮಾತು ಕಟ್ಟಬೇಕು. ವರ್ಷವಿಡೀ ದೋಸೆ ಹುಯ್ದವರು, ಲೆಕ್ಕ ಬರೆದವರು, ಮೇಜು ಒರೆಸಿದವರು ಅಂದು ಮಧ್ಯಾಹ್ನ ರಾಜರೂ ಋಷಿಗಳೂ ಆಗುತ್ತಾರೆ. ನಡುವೆ ಭಾಗವತರ ಜಾಗದಲ್ಲಿ ಹೊಳ್ಳರು. ಆ ಜಾಗ ಅವರದು ಎಂಬುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ, ಅವರ ಕಣ್ಣು ಕೈಕೊಡುವವರೆಗೆ.

ಸಕ್ಕರೆ ಕಾಯಿಲೆ ಮೊದಲು ಕಾಲಿಗೆ ಬಂತು, ಆಮೇಲೆ ಕಣ್ಣಿಗೆ ಏರಿತು. ಡಾಕ್ಟರು ಲೇಸರ್ ಹಾಕಿ, ಇದ್ದದ್ದು ಉಳಿಯುತ್ತದೆ, ಹೋದದ್ದು ಬರುವುದಿಲ್ಲ ಎಂದರು. ನಡೆದಾಡಲು, ಗಲ್ಲಾದಲ್ಲಿ ಕೂರಲು ಅಡ್ಡಿಯಿಲ್ಲ. ಆದರೆ ಸಣ್ಣ ಅಕ್ಷರವೆಲ್ಲ ಕಲಸಿಹೋಗುತ್ತಿತ್ತು, ಹೊಳೆಯುವ ಪರದೆ ನೋಡಿದರೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹೊಳ್ಳರಿಗೆ ಬೆಳಿಗ್ಗೆ ಪೇಪರು ಓದುವುದು ತಪ್ಪಿತು. ಅದನ್ನು ಹೇಗೋ ನುಂಗಿಕೊಂಡರು. ಪ್ರಸಂಗದ ಪುಸ್ತಕ ಓದಲಾಗುವುದಿಲ್ಲ ಎಂಬುದನ್ನು ಮಾತ್ರ ನುಂಗಲಾಗಲಿಲ್ಲ.

ಅವರು ಪ್ರತಿವರ್ಷ ಹಾಡುವ ಪ್ರಸಂಗ ‘ಶಂಖತೀರ್ಥ ಮಹಾತ್ಮೆ’. ಬರೆದವರು ಅವರ ಸೋದರಮಾವ. ಊರಿನ ದೇವಸ್ಥಾನದವರು ಯಾವುದೋ ಕಾಲದಲ್ಲಿ ಅಚ್ಚು ಹಾಕಿಸಿದ ತೆಳ್ಳನೆ ಪುಸ್ತಕ. ಕಾಗದ ಚಹಾದ ಬಣ್ಣಕ್ಕೆ ತಿರುಗಿದೆ, ಮಸಿ ಮಾಸಿದೆ, ಅಕ್ಷರ ಸಾಸಿವೆಯಷ್ಟು. ಬಾಯಿಪಾಠ ಮಾಡಿದರಾಯಿತಲ್ಲ ಎನ್ನುವವರಿಗೆ ಹೇಳುವುದಿಷ್ಟು: ಮೇಳದಲ್ಲಿ ದಿನಾ ಹಾಡುವ ಭಾಗವತರ ಮಾತು ಬೇರೆ, ವರ್ಷಕ್ಕೊಮ್ಮೆ ಹಾಡುವ ಹೋಟೆಲಿನವರ ಮಾತು ಬೇರೆ. ಹೊಳ್ಳರು ಒಮ್ಮೆ ಪುಸ್ತಕ ನೋಡದೆ ಹಾಡಲು ಹೋಗಿ, ಯುದ್ಧದ ಪದ್ಯ ಮುಗಿಸಿದವರೇ ಮದುವೆಯ ಪದ್ಯ ಎತ್ತಿಕೊಂಡಿದ್ದರು. ಎದುರಿಗಿದ್ದ ಅರ್ಥಧಾರಿ ಕತ್ತಿ ಹಿರಿದವನು ಹಾರ ಹಿಡಿಯಬೇಕಾಯಿತು. ಸಭೆ ಬಿದ್ದು ಬಿದ್ದು ನಕ್ಕಿತ್ತು. ಅಂದಿನಿಂದ ಪುಸ್ತಕ ಎದುರಿಗಿಲ್ಲದೆ ಬಾಯಿ ತೆರೆಯುವುದಿಲ್ಲ ಎಂದು ಅವರು ತೀರ್ಮಾನ ಮಾಡಿಬಿಟ್ಟಿದ್ದರು.

ಉಪಾಯಗಳೇನು ಕಡಿಮೆಯೇ? ಪುಟಗಳನ್ನು ದೊಡ್ಡದು ಮಾಡಿ ಜೆರಾಕ್ಸ್ ತೆಗೆಸಿದರು. ಅಕ್ಷರದ ಜೊತೆಗೆ ಕಲೆಯೂ ದೊಡ್ಡದಾಯಿತು. ಮೇಲಾಗಿ ಫ್ಯಾನು ಹಾಕಿದರೆ ಹಾಳೆಗಳು ಮನೆತುಂಬ ಹಾರುತ್ತಿದ್ದವು, ಫ್ಯಾನು ಆರಿಸಿ ಕೂರಲು ಇದೇನು ಊಟಿಯೇ? ಮಗಳ ಫೋನಿನಲ್ಲಿ ನೋಡಿದರೆ ಕಣ್ಣೀರು, ಹಾಡುವುದೆಲ್ಲ ಶೋಕರಸ. ಭೂತಗನ್ನಡಿ ಹಿಡಿಯೋಣವೆಂದರೆ ತಾಳಕ್ಕೆ ಎರಡು ಕೈಯೂ ಬೇಕು.

ಹೋಟೆಲಿನ ಅಡಿಗೆಮನೆಯ ಮೇಲ್ವಿಚಾರಣೆ ನೋಡುವ ಶ್ರೀಶ ಅವರಿಗೆ ಮದ್ದಳೆಗಾರ. ಕಾರ್ಯಕ್ರಮದ ಓಡಾಟವೆಲ್ಲ ಅವನದೇ. ಒಂದು ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಗಲ್ಲಾದ ಪಕ್ಕ ಬಂದು ನಿಂತ. ಬೇಡದ್ದೆಲ್ಲ ಮಾತಾಡಿ, ಮಳೆ ಬರುವ ಹಾಗಿದೆ ಎಂದು, ಕೊನೆಗೆ ವಿಷಯಕ್ಕೆ ಬಂದ.

"ಹೊಳ್ರೇ, ಬೇಜಾರ್ ಮಾಡ್ಕಣ್ಬೇಡಿ. ಈ ಸಲ ಗುರುಚರಣ ಕೂರ್ಲಿ. ನೀವ್ ಸುರುವಿಗೆ ಗಣಪತಿ ಸ್ತುತಿ ಹೇಳಿ, ಸಾಕ್."

ಗುರುಚರಣ ಬ್ಯಾಂಕಿನಲ್ಲಿ ಕೆಲಸಕ್ಕಿರುವ ಒಳ್ಳೆಯ ಹುಡುಗ, ಕಂಠವೂ ಒಳ್ಳೆಯದು, ದೊಡ್ಡವರೆಂದರೆ ಮರ್ಯಾದೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಹೊಳ್ಳರಿಗೆ ಒಂದು ಕಾರಣವೂ ಸಿಗಲಿಲ್ಲ, ಅದೇ ಅವರಿಗೆ ಹೆಚ್ಚು ಸಿಟ್ಟು ತಂದಿತು. ನವರಾತ್ರಿ ಕಳೆಯಲಿ, ಹೇಳುತ್ತೇನೆ ಎಂದು ಮುಖ ತಿರುಗಿಸಿದರು. ಅಂದು ಮನೆಗೆ ಹೋದವರು ಊಟಕ್ಕೆ ಕುಳಿತಲ್ಲೇ ಹೆಂಡತಿ ಚಂದ್ರಮತಿಯ ಹತ್ತಿರ, ತನ್ನದು ಮುಗಿಯಿತು ಎಂದುಬಿಟ್ಟರು. ಚಂದ್ರಮತಿ ಮಜ್ಜಿಗೆ ಬಡಿಸಿದರು. ಮಗಳು ಪ್ರಣಮ್ಯಾ ತಟ್ಟೆಯಿಂದ ತಲೆಯೆತ್ತಿ ಅಪ್ಪನನ್ನು ನೋಡಿದಳು.

ಈ ಮಗಳ ಬಗ್ಗೆ ಎರಡು ಮಾತು ಹೇಳಬೇಕು. ರಾಯಪುರಂನಲ್ಲೇ ಹುಟ್ಟಿ ಬೆಳೆದವಳು. ಬಂದರಿಗೆ ಬರುವ ಸರಕು ಬಿಡಿಸಿಕೊಡುವ ಒಂದು ಕಂಪೆನಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದಾಳೆ. ಮನೆಯಲ್ಲಿ ಕನ್ನಡ ಕೇಳುತ್ತಾಳೆ, ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಬಂದರೆ ಇಂಗ್ಲಿಷು. ಕನ್ನಡ ಅಕ್ಷರ ಮಾತ್ರ ಒಂದೂ ಗೊತ್ತಿಲ್ಲ. ಸಣ್ಣವಳಿದ್ದಾಗ ಹೊಳ್ಳರು ಕಲಿಸಲು ಕೂತು, ತಾಳ್ಮೆ ತಪ್ಪಿ ಗದರಿ, ಎದ್ದುಹೋಗಿದ್ದರು. ಆಮೇಲೆ ಊರಿನವರು ಯಾರಾದರೂ ಮಗಳಿಗೆ ಹಾಡು, ಪ್ರಸಂಗ ಏನಾದರೂ ಬರುತ್ತದೆಯೇ ಎಂದು ಕೇಳಿದರೆ, ಅವಳಿಗೆ ಅದೆಲ್ಲ ಬರುವುದಿಲ್ಲ ಎಂದು ಹೇಳುವುದು ಅವರಿಗೆ ರೂಢಿಯಾಗಿಹೋಗಿತ್ತು. ಅವಳು ಪಕ್ಕದಲ್ಲೇ ನಿಂತಿದ್ದರೂ ಹೇಳುತ್ತಿದ್ದರು.

ಪ್ರಣಮ್ಯಾಳ ಕೆಲಸವೆಂದರೆ ಮುಗಿಯದ ಓದು. ಸುಂಕದ ನಿಯಮ, ತಿದ್ದುಪಡಿ, ಮತ್ತೆ ತಿದ್ದುಪಡಿಗೆ ತಿದ್ದುಪಡಿ. ಕಣ್ಣುರಿ ತಾಳಲಾರದೆ ಆಫೀಸಿನ ಕೆಲವರು ಇ-ಇಂಕ್ ಟ್ಯಾಬ್ಲೆಟ್ಟು ಕೊಂಡಿದ್ದರು. ಹಿಂದಿನಿಂದ ಬೆಳಕು ಚೆಲ್ಲದ, ಕಾಗದದ ಮೇಲೆ ಅಚ್ಚು ಹಾಕಿದಂತೆಯೇ ಕಾಣುವ ಪರದೆ. ಅಪ್ಪನ ಕಣ್ಣಿಗೆ ಇದು ಆಗಬಹುದು ಎಂದು ಅವಳಿಗೆ ಹೊಳೆದದ್ದು ಆ ಮಜ್ಜಿಗೆಯ ಹೊತ್ತಿನಲ್ಲೇ.

ಮೊದಲು ಗೆಳತಿಯೊಬ್ಬಳ ಓದುಯಂತ್ರವನ್ನು ಎರವಲು ತಂದಳು. ಅದು ತನ್ನ ಕಂಪೆನಿಯ ಅಂಗಡಿಯಲ್ಲಿ ಕೊಂಡ ಪುಸ್ತಕಗಳಿಗೆ ಮಾತ್ರ ಮರ್ಯಾದೆ ಕೊಡುವ ಜಾತಿಯದು. ಪ್ರಸಂಗದ ಪುಟಗಳನ್ನು ಸ್ಕ್ಯಾನ್ ಮಾಡಿ ಹಾಕಿದರೆ ಹಾಕಿಸಿಕೊಂಡಿತೇನೋ ಹೌದು, ಆದರೆ ಅಕ್ಷರ ಇದ್ದಷ್ಟೇ ಸಣ್ಣ, ಮಾಸಿದ್ದು ಮಾಸಿದಂತೆಯೇ. ಅಂಚು ಕತ್ತರಿಸಬೇಕೆಂದರೆ ಆಗದು, ಮಸಿ ಗಟ್ಟಿ ಮಾಡಬೇಕೆಂದರೆ ಆಗದು, ಬೇರೆ ಆ್ಯಪ್ ಹಾಕಿ ನೋಡೋಣವೆಂದರೆ ಅದಕ್ಕೂ ಬಾಗಿಲು ಮುಚ್ಚಿದೆ. ಹೊಳ್ಳರು ಅದನ್ನು ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು, ತಿರುಗಿಸಿ ಕೊಟ್ಟರು.

ಬೋನಸ್ಸು ಬಂದ ವಾರ ಅವಳು ಬೇರೊಂದನ್ನು ಕೊಂಡು ತಂದಳು. ಬೂದು ಬಣ್ಣದ, ದೋಸೆ ತಟ್ಟೆಯಷ್ಟು ಅಗಲದ, ಹಗುರವಾದ ಟ್ಯಾಬ್ಲೆಟ್ಟು. ಇದು ಇ-ಇಂಕೇ, ಆದರೆ ಬಾಗಿಲು ತೆರೆದಿಟ್ಟದ್ದು. ಫೋನಿನಂತೆ ಯಾವ ಆ್ಯಪ್ ಬೇಕಾದರೂ ಹಾಕಬಹುದು, ಎಲ್ಲಿಂದ ತಂದ ಪುಸ್ತಕವನ್ನಾದರೂ ತೆರೆಯಬಹುದು. ಹೊಳ್ಳರು ಹೇಳಿ ಕೇಳಿ ಹೋಟೆಲಿನ ಮನುಷ್ಯ, ಅವರಿಗೆ ಅವರದೇ ರೀತಿಯಲ್ಲಿ ಅರ್ಥವಾಯಿತು. ಒಂದು ಹೋಟೆಲಿನಲ್ಲಿ ಅವರು ಬಡಿಸಿದ್ದೇ ಊಟ. ಇನ್ನೊಂದರಲ್ಲಿ ನೀವು ಮನೆಯಿಂದ ತಂದ ಉಪ್ಪಿನಕಾಯಿ ಡಬ್ಬಿ ಬಿಚ್ಚಿದರೂ ಯಾರೂ ಬಂದು ಬೈಯುವುದಿಲ್ಲ.

ಪ್ರಣಮ್ಯಾ ಶನಿವಾರವಿಡೀ ಅದರ ಮುಂದೆ ಕೂತಳು. ಪುಟಗಳ ಅಂಚು ಕತ್ತರಿಸಿದಳು, ಕಲೆ ಅಳಿಸಿದಳು, ಮಸಿಯನ್ನು ಗಟ್ಟಿ ಮಾಡಿದಳು. ಒಂದೊಂದು ಪುಟವನ್ನೂ ಪಟ್ಟಿ ಪಟ್ಟಿ ಮಾಡಿ, ಒಂದು ಪರದೆಗೆ ಕೆಲವೇ ಸಾಲು ಬರುವಂತೆ ಹೊಂದಿಸಿದಳು. ಸಾಲು ಎಲ್ಲಿ ಮುಗಿಯುತ್ತದೆ ಎಂದು ಅವಳಿಗೆ ತಿಳಿಯದು, ಅದಕ್ಕೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ಓದಿಸಿದಳು. ಸಂಜೆ ಅಪ್ಪನ ಕೈಗೆ ಕೊಟ್ಟಳು. ಹೊಳ್ಳರು ಕಿಟಕಿಯ ಹತ್ತಿರ ಹೋದರು. ಬಿಸಿಲು ನೇರವಾಗಿ ಮೇಲೆ ಬಿದ್ದರೂ ಅಕ್ಷರ ಮಂಕಾಗಲಿಲ್ಲ. ಕಣ್ಣಲ್ಲಿ ನೀರು ಬರಲಿಲ್ಲ. ಸೋದರಮಾವನ ಪದ್ಯ ಕರ್ರಗೆ, ದಪ್ಪಗೆ, ಬೆರಳಿನಷ್ಟು ದೊಡ್ಡದಾಗಿ ನಿಂತಿತ್ತು. ಅವರು ಒಂದು ಪದ್ಯವನ್ನು ಪೂರ್ತಿ ಓದಿದರು. ಆಮೇಲೆ ನೀರು ಬಂತು, ಅದು ಪರದೆಯ ತಪ್ಪಲ್ಲ.

ಆಮೇಲಿನ ದಿನಗಳಲ್ಲಿ ಹೊಳ್ಳರದು ಹೊಸ ಚಾಳಿ. ಬೆಳಿಗ್ಗೆ ಕಿಟಕಿಯ ಬಳಿ ಕೂತು ಊರಿನ ಪೇಪರನ್ನು ಅದರಲ್ಲೇ ಓದುವರು, ಪಂಚಾಂಗ ನೋಡುವರು, ಅಕ್ಷರ ಒಮ್ಮೆ ದೊಡ್ಡದು ಮಾಡಿ ಒಮ್ಮೆ ಸಣ್ಣದು ಮಾಡಿ ಆಡುವರು. ಚಂದ್ರಮತಿ ಅದರಲ್ಲಿ ಧಾರಾವಾಹಿ ಹಾಕಿ ನೋಡಿದರು. ಅತ್ತೆ ಸೊಸೆ ಇಬ್ಬರೂ ದೆವ್ವಗಳಂತೆ ಕಂಡರು, ಬಿಟ್ಟುಬಿಟ್ಟರು. ಪುಟ ತಿರುಗುವಾಗ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳ್ಳಗಾಗುತ್ತದೆ, ಹೊಳ್ಳರು ಅದಕ್ಕೆ ಕಣ್ಣು ಹೊಡೆಯುವುದು ಎನ್ನುತ್ತಿದ್ದರು. ಹೋಟೆಲಿನಲ್ಲಿ ಶ್ರೀಶನನ್ನು ಕರೆದು, ಈ ವರ್ಷ ಜಾಗ ತನ್ನದೇ ಎಂದರು. ಶ್ರೀಶ ಖುಷಿಯಿಂದ ಒಪ್ಪಿದ.

ಸರಸ್ವತಿ ಪೂಜೆಯ ದಿನ ದೇವರ ಮುಂದೆ ಪುಸ್ತಕಗಳನ್ನು ಇಟ್ಟರು. ಹೊಳ್ಳರು ತಾವೇ ಆ ಬೂದು ಟ್ಯಾಬ್ಲೆಟ್ಟನ್ನು ತಂದು ಪ್ರಸಂಗದ ಹಳೆ ಪುಸ್ತಕದ ಮೇಲಿಟ್ಟು, ಗಂಧ ಹಚ್ಚಿ, ಹೂವಿಟ್ಟರು. ಮಾರನೆಯ ದಿನ ಎತ್ತಿಕೊಂಡು ಕಣ್ಣಿಗೊತ್ತಿಕೊಂಡರು. ಪ್ರಣಮ್ಯಾ ನಗುತ್ತ ಫೋಟೋ ತೆಗೆದಳು. ಇದರಿಂದ ಮುಂದೆ ಏನಾಗುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ಅಭ್ಯಾಸ ಶುರುವಾದ ಮೇಲೆ ತೊಡಕು ಗೊತ್ತಾಯಿತು. ಹಳೆ ಪುಸ್ತಕದ ಒಂದು ಪುಟದಲ್ಲಿ ಐದಾರು ಪದ್ಯ ಹಿಡಿಯುತ್ತಿತ್ತು. ಅರ್ಥಧಾರಿ ಮಾತಾಡುವಾಗ ತಾಳ ಕೆಳಗಿಟ್ಟು ಪುಟ ಮಗುಚಿದರೆ ಮುಗಿಯಿತು. ಈಗ ಅಕ್ಷರ ದೊಡ್ಡದು, ಒಂದೇ ಪದ್ಯ ಮೂರು ನಾಲ್ಕು ಪರದೆಗೆ ಹರಡಿಕೊಂಡಿತ್ತು. ಪದ್ಯದ ನಡುವೆ, ತಾಳ ಓಡುತ್ತಿರುವಾಗ ಪುಟ ತಿರುಗಬೇಕು. ಕೈ ಎಲ್ಲಿದೆ? ಹೊಳ್ಳರು ಮೊಣಕೈಯಿಂದ ಒತ್ತಿ ನೋಡಿದರು, ಪುಟ ಹಿಂದಕ್ಕೆ ಹೋಯಿತು. ತಾಳದ ಅಂಚಿನಿಂದ ತಟ್ಟಲು ಹೋದಾಗ ಪ್ರಣಮ್ಯಾಳ ಜೀವ ಬಾಯಿಗೆ ಬಂತು. ತಾನಾಗಿಯೇ ಸರಿಯುವಂತೆ ಒಂದು ಆ್ಯಪ್ ಹಾಕಿಕೊಟ್ಟಳು. ಅದು ಸರಿಯಿತು, ಆದರೆ ಯಾರಿಗೂ ಕಾಯದೆ ಸರಿಯಿತು. ತಾಳಮದ್ದಳೆಯಲ್ಲಿ ಭಾಗವತನಿಗೆ ಭಾವ ಬಂದರೆ ಒಂದೇ ಸಾಲನ್ನು ಮೂರು ಸಲ ಹೇಳುತ್ತಾನೆ, ಅರ್ಥಧಾರಿಗೆ ಉಮೇದು ಬಂದರೆ ಅರ್ಧ ಗಂಟೆ ಮಾತಾಡುತ್ತಾನೆ. ಅಷ್ಟರಲ್ಲಿ ಆ್ಯಪು ಮಂಗಳ ಹಾಡುವಲ್ಲಿಗೆ ಹೋಗಿ ಕೂತಿರುತ್ತಿತ್ತು.

ಕೊನೆಗೆ ಅವಳು ಒಂದು ಪೆಡಲು ತರಿಸಿದಳು. ಅಂಗೈಯಗಲದ ಕಪ್ಪು ಹಲಗೆ, ಮೇಲೊಂದು ಗುಂಡಿ. ವೈರಿಲ್ಲದೆ ಬ್ಲೂಟೂತಿನಲ್ಲಿ ಟ್ಯಾಬ್ಲೆಟ್ಟಿಗೆ ಸೇರುತ್ತದೆ, ಕಾಲಿನಿಂದ ಒತ್ತಿದರೆ ಪುಟ ಮುಂದಕ್ಕೆ. ಪಿಯಾನೋ ನುಡಿಸುವವರು ಹೀಗೆಯೇ ಮಾಡುತ್ತಾರೆ ಎಂದು ತೋರಿಸಿ, ಅಪ್ಪನ ಕಾಲಿನ ಬಳಿ ಇಟ್ಟಳು. ಹೊಳ್ಳರು ಕಾಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡರು.

ಪುಸ್ತಕಕ್ಕೆ ಕಾಲು ತಾಗಿಸುವುದುಂಟೇ? ಅಪ್ಪಿತಪ್ಪಿ ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆ ಅದು. ಅದರ ಮೇಲೆ, ಗಂಧ ಹಚ್ಚಿ ಪೂಜೆ ಮಾಡಿದ ಪುಸ್ತಕ.

"ಅಪ್ಪಾ, ಪೆಡಲ್ ಬೇರೆ, ಬುಕ್ ಬೇರೆ. ನಡುವಲ್ಲಿ ವೈರೇ ಇಲ್ಲೆ. ಪುರಿಯುದಾ?" ಅರ್ಥವಾಯಿತೇ ಎಂದು ಮಗಳು ತಮಿಳಿನಲ್ಲಿ ಮುಗಿಸಿದಳು.

"ಗುಂಡಿ ಒತ್ರೆ ಪುಟ ತಿರ್ಗತ್ತ್. ಹಂಗಾರೆ ತಿರ್ಸಿದ್ ಯಾರ್? ಕಾಲೇ ಅಲ್ದಾ?" ಎಂದರು ಹೊಳ್ಳರು.

ನಿಜ ಹೇಳಬೇಕೆಂದರೆ ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನೀವೇ ಪೂಜೆ ಮಾಡಿ ಪುಸ್ತಕ ಮಾಡಿದ್ದು, ನಾನು ತಂದಾಗ ಅದು ಬರೀ ಮಷೀನಾಗಿತ್ತು ಎಂದು ಇಂಗ್ಲಿಷಿನಲ್ಲಿ ಗೊಣಗಿ ಪ್ರಣಮ್ಯಾ ಪೆಡಲನ್ನು ಕಪಾಟಿನ ಮೇಲಿಟ್ಟಳು. ಚಂದ್ರಮತಿ ಗಂಡನ ಪರವೂ ಅಲ್ಲ, ಮಗಳ ಪರವೂ ಅಲ್ಲ. ಬೇರೆ ಯಾರಾದರೂ ಕೈಯಲ್ಲಿ ಒತ್ತಿದರೆ ದೋಷವೇನು ಎಂದು ಕೇಳಿದರು. ಹೊಳ್ಳರು ಅದನ್ನೂ ತಳ್ಳಿಹಾಕಿದರು. ಒತ್ತುವವರಿಗೆ ಪದ್ಯ ಎಲ್ಲಿಗೆ ಬಂದಿದೆ ಎಂದು ಗೊತ್ತಾಗಬೇಡವೇ? ಅಂಥವರೆಲ್ಲ ವೇದಿಕೆಯ ಮೇಲೆಯೇ ಇರುತ್ತಾರೆ, ಮದ್ದಳೆ ಬಾರಿಸುತ್ತಲೋ ಅರ್ಥ ಹೇಳುತ್ತಲೋ. ಚಂದ್ರಮತಿಯೇ ಕೂರಬಹುದಿತ್ತು, ಆದರೆ ಅಂದು ಮಂಟಪದ ಅಡಿಗೆಯ ಮೇಲ್ವಿಚಾರಣೆ ಅವರದು.

"ಪ್ರಣಮ್ಯಾನ್ನ ಕೂರ್ಸಿ ಕಾಣಿ ಒಂದ್ಸಲ," ಎಂದರು ಚಂದ್ರಮತಿ.

"ಅವ್ಳಿಗೆ ಒಂದ್ ಅಕ್ಷರ ಗೊತ್ತಿಲ್ಲೆ. ಅವ್ಳ್ ಎಂತ ತಿರ್ಸ್ತಳ್?"

ಪ್ರಣಮ್ಯಾ ಒಳಗಿನ ಕೋಣೆಯಲ್ಲಿದ್ದಳು. ಬಾಗಿಲು ತೆರೆದೇ ಇತ್ತು. ಹೊಳ್ಳರಿಗೆ ಅದು ಕಂಡದ್ದು ಮಾತು ಬಾಯಿಂದ ಹೋದ ಮೇಲೆ. ಎದ್ದುಹೋಗಿ ಏನಾದರೂ ಹೇಳಬೇಕೆನಿಸಿತು. ಆದರೆ ತಾಳದ ಹಗ್ಗ ಬಿಗಿ ಮಾಡುತ್ತ ಕೂತರು.

ಆಮೇಲೆ ಅಭ್ಯಾಸ ಕುಂಟುತ್ತ ನಡೆಯಿತು. ಪದ್ಯದ ನಡುವೆ ತಾಳ ಬಿಟ್ಟು ಪುಟ ಒತ್ತುವುದು, ಮತ್ತೆ ತಾಳ ಎತ್ತಿಕೊಳ್ಳುವಷ್ಟರಲ್ಲಿ ಲಯ ಜಾರುವುದು. ಶ್ರೀಶ ಮದ್ದಳೆಯಲ್ಲಿ ಎಷ್ಟೇ ಸುಧಾರಿಸಿದರೂ ಹೊಳ್ಳರಿಗೆ ತಮ್ಮ ಹಾಡು ತಮಗೇ ರುಚಿಸಲಿಲ್ಲ. ಪ್ರಣಮ್ಯಾ ಆ ಹೊತ್ತಿನಲ್ಲಿ ಅಡಿಗೆಮನೆಯಲ್ಲಿ ಅಮ್ಮನ ಜೊತೆ ತರಕಾರಿ ಹೆಚ್ಚುತ್ತಲೋ ಕಾಳು ಬಿಡಿಸುತ್ತಲೋ ಇರುತ್ತಿದ್ದಳು. ಒಂದು ದಿನ ಕಪಾಟಿನ ಮೇಲೆ ಪೆಡಲು ಕಾಣಲಿಲ್ಲ. ಅಂಗಡಿಗೆ ಹಿಂತಿರುಗಿಸಿರಬೇಕು ಎಂದುಕೊಂಡ ಹೊಳ್ಳರಿಗೆ ಅರ್ಧ ಸಮಾಧಾನ, ಅರ್ಧ ಬೇಜಾರು.

ಪೊಂಗಲಿಗೆ ವಾರವಿರುವಾಗ ಅವರು ಶ್ರೀಶನಿಗೆ ಹೇಳಿದರು: ಗಣಪತಿ ಸ್ತುತಿ ಹೇಳಿ ಮೊದಲ ಪದ್ಯ ತಾನೇ ಎತ್ತಿಕೊಡುತ್ತೇನೆ. ಅದರ ಮೊದಲ ಪರದೆ ಮುಗಿದಲ್ಲಿ ತಾಳ ಕೆಳಗಿಡುತ್ತೇನೆ, ಗುರುಚರಣ ಬಂದು ಕೂರಲಿ. ಗುರುಚರಣನ ಫೋನಿಗೆ ಪ್ರಸಂಗ ಕಳಿಸಲು ಮಗಳಿಗೂ ತಾವೇ ಹೇಳಿದರು. ಸೋದರಮಾವನ ಪದ್ಯ ಯಾರ ಬಾಯಲ್ಲಾದರೂ ಉಳಿಯಲಿ ಎಂದರು. ಪ್ರಣಮ್ಯಾ ಸರಿಯೆಂದು ಕಳಿಸಿದಳು. ಮುಂದಿನ ಸಾಲಿನಲ್ಲಿ ತನಗೊಂದು ಕುರ್ಚಿ ಇರಲಿ ಎಂದಷ್ಟೇ ಕೇಳಿದಳು.

ಆ ದಿನ ಕೀಲ್ಪಾಕಿನ ಮಂಟಪದಲ್ಲಿ ಜನ ಸೇರಿದರು. ಅಡಿಗೆಮನೆಯಿಂದ ಹೋಳಿಗೆ ಬೇಯುವ ವಾಸನೆ, ಹೊರಗೆ ಚಪ್ಪಲಿಗಳ ರಾಶಿ. ಹೊಳ್ಳರು ಪೇಟ ಕಟ್ಟಿ, ಶಲ್ಯ ಹೊದ್ದು, ವ್ಯಾಸಪೀಠದ ಮೇಲೆ ಬೂದು ಟ್ಯಾಬ್ಲೆಟ್ಟು ಇಟ್ಟು ಕುಳಿತರು. ಬಲಕ್ಕೆ ಶ್ರೀಶ. ವೇದಿಕೆಯ ಕೆಳಗೆ ಅಂಚಿನಲ್ಲೇ ಗುರುಚರಣ, ಎದ್ದುಬರಲು ಸಿದ್ಧನಾಗಿ, ಆದರೆ ಯಾರಿಗೂ ಹಾಗೆ ಕಾಣಬಾರದೆಂಬ ಸಂಕೋಚದಲ್ಲಿ. ಮುಂದಿನ ಸಾಲಿನಲ್ಲಿ ಪ್ರಣಮ್ಯಾ ಸೀರೆಯುಟ್ಟು ಕುಳಿತಿದ್ದಳು, ಸೆರಗನ್ನು ಮಡಿಲ ಮೇಲೆ ಎಳೆದುಕೊಂಡು.

ಗಣಪತಿ ಸ್ತುತಿ ಬಾಯಿಪಾಠ, ಅದು ಚೆನ್ನಾಗಿಯೇ ಹೋಯಿತು. ಆಮೇಲೆ ಮೊದಲ ಪದ್ಯ. ದಾರಿ ತಪ್ಪಿದ ರಾಜ ಕಾಡಿನಲ್ಲಿ ನಿಂತು ದೇವರಿಗೆ ಮೊರೆಯಿಡುವುದು. "ಎತ್ತ ಪೋಗಲಿ ದೇವ, ಕತ್ತಲಾಯಿತು ದಾರಿ" ಎಂದು ಎತ್ತಿಕೊಂಡಾಗ ಸಭೆಯಲ್ಲಿ ಮಾತು ನಿಂತಿತು. ಹೊಳ್ಳರ ಕಂಠಕ್ಕೆ ವಯಸ್ಸಾಗಿರಲಿಲ್ಲ. ಅವರು ಸಾಲಿನ ಮೇಲೆ ಸಾಲು ಹಾಡಿದರು. ಪರದೆಯ ಕೊನೆಯ ಸಾಲು ಬಂತು. ಇದು ತನ್ನ ಕೊನೆಯ ಸಾಲು ಎಂದು ಅವರಿಗೆ ಗೊತ್ತಿತ್ತು, ಅದಕ್ಕೇ ಅದನ್ನು ಎಳೆದು, ಎರಡನೆಯ ಸಲ ಹೇಳಿದರು. ಮೂರನೆಯ ಸಲ ಹೇಳಿದರು. ತಾಳ ಕೆಳಗಿಡಲು ಕೈ ಇಳಿಸಿದರು.

ಪರದೆ ಕಣ್ಣು ಹೊಡೆಯಿತು. ಮುಂದಿನ ಸಾಲುಗಳು ಎದುರಿಗೆ ಬಂದವು.

ಹೊಳ್ಳರ ಕೈ ತಾನಾಗಿ ಮೇಲೆದ್ದಿತು. ಬಾಯಿ ಹಾಡಿತು. ಆ್ಯಪು ಮತ್ತೆ ಹುಚ್ಚಾಟ ಶುರುಮಾಡಿತೇ ಎಂದು ಒಂದು ಕ್ಷಣ ಗಾಬರಿ. ಆದರೆ ಆ ಪರದೆ ಮುಗಿಯುವವರೆಗೂ ಪುಟ ಅಲುಗಲಿಲ್ಲ, ಮುಗಿದ ಕೂಡಲೇ ಸರಿಯಾಗಿ ತಿರುಗಿತು. ಶ್ರೀಶ ಮದ್ದಳೆ ಬಾರಿಸುತ್ತಲೇ ಕತ್ತು ಚಾಚಿ ನೋಡಿದ. ಹೊಳ್ಳರು ಹಾಡುತ್ತ ತಲೆಯೆತ್ತಿದರು. ದೂರದ್ದು ಅವರಿಗೆ ಅಷ್ಟಿಷ್ಟು ಕಾಣುತ್ತದೆ. ಪ್ರಣಮ್ಯಾ ಕಣ್ಣು ಮುಚ್ಚಿ ಕುಳಿತಿದ್ದಳು. ಸೆರಗು ಒಂದು ಪಕ್ಕಕ್ಕೆ ಜಾರಿತ್ತು. ಮಡಿಲಲ್ಲಿ ಆ ಕಪ್ಪು ಪೆಡಲು, ಅದರ ಮೇಲೆ ಅವಳ ಬಲಗೈ. ಬೆರಳು ತಾಳಕ್ಕೆ ಸರಿಯಾಗಿ ಮೆಲ್ಲಗೆ ಅಲುಗುತ್ತಿತ್ತು.

ಅರ್ಥಧಾರಿ ಮಾತಿಗೆ ಶುರುಮಾಡಿದ. ಗುರುಚರಣನಿಗೆ ಎದ್ದುಬರಲು ಈಗಲೂ ಹೊತ್ತಿತ್ತು. ಅವನು ಏಳಲಿಲ್ಲ. ಮಗಳನ್ನು ಒಮ್ಮೆ, ಅಪ್ಪನನ್ನು ಒಮ್ಮೆ ನೋಡಿ, ಕಾಲು ಚಾಚಿ ಹಾಯಾಗಿ ಕೂತುಬಿಟ್ಟ. ಒಳ್ಳೆಯ ಹುಡುಗ ಎಂದು ನಾನು ಮೊದಲೇ ಹೇಳಿರಲಿಲ್ಲವೇ?

ಮಧ್ಯಾಹ್ನವೆಲ್ಲ ಹೊಳ್ಳರು ಹಾಡಿದರು. ರಾಜ ತೀರ್ಥ ಹುಡುಕಿಕೊಂಡು ಹೊರಟ, ರಾಕ್ಷಸ ಅಡ್ಡ ಬಂದ, ಯುದ್ಧವಾಯಿ‌ತು, ಮದುವೆಯೂ ಆಯಿತು, ಈ ಸಲ ಕ್ರಮ ತಪ್ಪದೆ. ಒಂದು ಪುಟವೂ ಬೇಗ ತಿರುಗಲಿಲ್ಲ, ಒಂದೂ ತಡವಾಗಲಿಲ್ಲ. ಹೊಳ್ಳರು ಉಸಿರು ತೆಗೆದುಕೊಳ್ಳುವಲ್ಲಿ ಪುಟವೂ ಉಸಿರು ತೆಗೆದುಕೊಂಡಂತಿತ್ತು. ಕೊನೆಕೊನೆಗೆ ಅವರಿಗೆ ಒಂದು ತುಂಟತನ ಹುಟ್ಟಿತು. ರಾಣಿ ತೀರ್ಥದಲ್ಲಿ ಮಿಂದು ಏಳುವ ಪದ್ಯದ ಕೊನೆಯ ಸಾಲನ್ನು ಅವರು ಯಾವಾಗಲೂ ಮೂರು ಸಲ ಹೇಳುವುದು. ಅಂದು ಮೂರು ಸಲ ಹೇಳಿ, ಬೇಕೆಂದೇ ನಾಲ್ಕನೆಯ ಸಲ ಎತ್ತಿಕೊಂಡರು.

ಪುಟ ಕಾಯಿತು.

ಹೊಳ್ಳರು ನಾಲ್ಕನೆಯ ಸಲವನ್ನು ಪೂರ್ತಿ ಮಾಡಿದರು. ಆಗಲೇ ಅದು ತಿರುಗಿತು. ಮುಂದಿನ ಪರದೆಯ ಸಾಲುಗಳು ಅವರಿಗೆ ಚೆನ್ನಾಗಿ ಕಾಣಲಿಲ್ಲ, ಕಣ್ಣು ತುಂಬಿತ್ತು. ಆ ಒಂದು ಪರದೆಯನ್ನು ಅವರು ಪುಸ್ತಕ ನೋಡದೆಯೇ ಹಾಡಿದರು, ತಪ್ಪಲಿಲ್ಲ.

ಮಂಗಳವಾಯಿತು. ಜನ ಎಲೆಯ ಕಡೆಗೆ ಹೊರಟರು. ಹೊಳ್ಳರು ಪೇಟ ಬಿಚ್ಚಿ ಕೈಯಲ್ಲಿ ಹಿಡಿದು ವೇದಿಕೆಯಿಂದ ಇಳಿದು ಮಗಳ ಮುಂದೆ ನಿಂತರು. ಹೊಗಳಲು ಅವರಿಗೆ ಬರುವುದಿಲ್ಲ, ಅಭ್ಯಾಸವಿಲ್ಲ. ಬಂದದ್ದು ಒಂದೇ ಪ್ರಶ್ನೆ.

"ನಿಂಗೆ ಓದೂಕೆ ಬತ್ತಿಲ್ಲೆ. ಮತ್ ಹ್ಯಾಂಗೆ ಗೊತ್ತಾಯ್ತ್?"

"ಪಡಿಕ್ಕ ತೆರಿಯಾದುಪ್ಪಾ," ಎಂದಳು ಪ್ರಣಮ್ಯಾ. ಓದಲು ಬರುವುದಿಲ್ಲ ಎಂದು ಒಪ್ಪಿಕೊಂಡು, ಆಮೇಲೆ ಅಪ್ಪನ ಕನ್ನಡಕ್ಕೇ ಇಳಿದಳು. "ನೀವ್ ಎಲ್ಲೆಲ್ಲಿ ಉಸ್ರ್ ತಕಂತ್ರಿ ಅಂದೇಳಿ ಗೊತ್ತಿತ್ತಲ್ಲ. ಹುಟ್ಟಿದಲ್ಲಿಂದ ಕೇಂತಾ ಇದ್ದೆ."

ಅಡಿಗೆಮನೆಯಲ್ಲಿ ಕಾಳು ಬಿಡಿಸುತ್ತ ಅವಳು ಅಷ್ಟೂ ದಿನ, ಅಪ್ಪ ಪುಟಕ್ಕೆಂದು ತಾಳ ನಿಲ್ಲಿಸಿದಲ್ಲೆಲ್ಲ, ಮೊಣಕಾಲ ಮೇಲೆ ಬೆರಳಿನಿಂದ ಒತ್ತಿ ಒತ್ತಿ ಕಲಿತಿದ್ದಳು ಎಂದು ಚಂದ್ರಮತಿ ಆಮೇಲೆ ಹೇಳಿದರು. ಮೊದಲೇ ಹೇಳಿದ್ದರೆ ಅಪ್ಪ ಬೇಡವೆನ್ನುತ್ತಿದ್ದರಂತೆ. ಹೌದು, ಎನ್ನುತ್ತಿದ್ದರು.

ಶ್ರೀಶ ಮದ್ದಳೆಯನ್ನು ಚೀಲಕ್ಕೆ ಹಾಕಿಕೊಂಡು, ಬೆವರು ಒರೆಸುತ್ತ ಬಂದ. ಸುತ್ತ ಊರಿನವರು ನಿಂತಿದ್ದರು, ಹೊಳ್ಳರ ಮಗಳಿಗೆ ಅದೆಲ್ಲ ಬರುವುದಿಲ್ಲ ಎಂದು ಹೊಳ್ಳರ ಬಾಯಿಂದಲೇ ವರ್ಷ ವರ್ಷ ಕೇಳಿದವರು. ಮುಂದಿನ ವರ್ಷಕ್ಕೂ ಭಾಗವತರು ನೀವೇ ಎಂದು ಈಗಲೇ ಹೇಳಿಬಿಡಲೇ ಎಂದು ಶ್ರೀಶ ಕೇಳಿದ.

ಹೊಳ್ಳರು ಎಲ್ಲರಿಗೂ ಕೇಳುವಂತೆ ಹೇಳಿದರು: "ನನ್ನತ್ರ ಎಂತ ಕೇಂತೆ? ಪುಟ ತಿರ್ಸುದ್ ಅವ್ಳ್. ಅವ್ಳತ್ರ ಕೇಳ್."

ಶ್ರೀಶ ಪ್ರಣಮ್ಯಾಳ ಕಡೆ ತಿರುಗಿದ. ಅವಳು ಪೆಡಲನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಹಾಕುವ ಮೊದಲು, ಯಾರೂ ನೋಡುತ್ತಿಲ್ಲವೆಂದುಕೊಂಡು, ಅದನ್ನು ಒಮ್ಮೆ ಕಣ್ಣಿಗೊತ್ತಿಕೊಂಡಳು. ಹೊಳ್ಳರು ನೋಡಿದರು.

"ಪಾಕ್ಕಲಾಂ ಅಂಕಲ್," ಎಂದಳು, ನೋಡೋಣ ಎಂಬಂತೆ ಕತ್ತು ವಾರೆ ಮಾಡಿ. "ಮೊದ್ಲ್ ಅಪ್ಪ ನಾಲ್ಕ್ ನಾಲ್ಕ್ ಸಲ ಹೇಳಿ ನನ್ನ ಟೆಸ್ಟ್ ಮಾಡುದ್ ಬಿಡ್ಲಿ."